‘ಮುಂಗಾರು’ ಪತ್ರಿಕೆಯ ಹಳೆಯ ಸಂಚಿಕೆ ಉಳಿಸಲು ದೇಣಿಗೆ ಮನವಿ

ಆತ್ಮೀಯರೇ,

ಉಡುಪಿ ಜಿಲ್ಲೆಯ ಕೋಟದ ಹತ್ತಿರದ ವಡ್ಡರ್ಸೆಯಿಂದ ಹೋಗಿ, ಬೆಂಗಳೂರಿನಲ್ಲಿ ‘ಪ್ರಜಾವಾಣಿ’ಯ ವರದಿಗಾರರಾಗಿ ರಾಜ್ಯ ರಾಜಕಾರಣವನ್ನು ಒಳಗಿನಿಂದ ಕಂಡು, ಆ ಭದ್ರ ಕೆಲಸ ಬಿಟ್ಟು 1984ರಲ್ಲಿ ಮಂಗಳೂರಿನಿಂದ ‘ಮುಂಗಾರು’ ದಿನಪತ್ರಿಕೆ ಹೊರಡಿಸಿದವರು ವಡ್ಡರ್ಸೆ ರಘುರಾಮ ಶೆಟ್ಟರು. ಬಂಡವಾಳಕ್ಕೆ ಅವರು ಓದುಗರ ಬಳಿ ಹೋದರು, ಸಣ್ಣ ಸಣ್ಣ ಷೇರು ಮಾರಿದರು. ಪತ್ರಿಕಾಲಯದ ಬಾಗಿಲು ಅಷ್ಟಾಗಿ ತೆರೆಯದಿದ್ದ ದಲಿತ, ಹಿಂದುಳಿದ, ಮುಸ್ಲಿಂ ಕುಟುಂಬಗಳ ಹುಡುಗರ ಕೈಗೆ ಪೆನ್ನು ಕೊಟ್ಟರು. ಪತ್ರಿಕೆ ಬಹುಕಾಲ ಬಾಳಲಿಲ್ಲ. ಅಲ್ಲಿ ಪಳಗಿದವರು ಮುಂದೆ ಕನ್ನಡ ಪತ್ರಿಕೋದ್ಯಮದ ತುಂಬ ಹರಡಿಕೊಂಡರು.

ಅವರ ಆಯ್ದ ಬರಹ ಪುಸ್ತಕವಾಗಿ ಸಿಗುತ್ತದೆ. ಹಾಗಿದ್ದೂ ಹಳೆಯ ಪತ್ರಿಕೆ ಯಾಕೆ ಎಂದು ಕೇಳುವವರಿದ್ದಾರೆ. ದಿನಪತ್ರಿಕೆಯ ಸಂಪಾದಕ ಬರೆಯುವುದು ಅಂದಿನ ಸುದ್ದಿಗೆ ಉತ್ತರವಾಗಿ. ಆ ವರ್ಷಗಳನ್ನೇ ನೋಡಿ: ರಾಜ್ಯದ ಹಿಂದುಳಿದ ವರ್ಗಗಳ ಬಗ್ಗೆ ವೆಂಕಟಸ್ವಾಮಿ ಆಯೋಗದ ವರದಿ 1986ರಲ್ಲಿ ಬಂತು, ಜಿಲ್ಲಾ ಪರಿಷತ್ತಿನ ಮೊದಲ ಚುನಾವಣೆ 1987ರ ಜನವರಿಯಲ್ಲಿ ನಡೆಯಿತು, ಅದೇ ವಿಷಯದ ಚಿನ್ನಪ್ಪ ರೆಡ್ಡಿ ಆಯೋಗದ ವರದಿ ಮತ್ತು ಹಿಂದುಳಿದವರಿಗೆ ಕೇಂದ್ರದ ನೌಕರಿಯಲ್ಲಿ ಮೀಸಲಾತಿ ಕೊಡುವ ಮಂಡಲ್ ತೀರ್ಮಾನ ಎರಡೂ 1990ರಲ್ಲಿ. ಮೀಸಲಾತಿಯ ಬಗ್ಗೆ ಒಬ್ಬ ಸಂಪಾದಕ ಏನು ಹೇಳಿದ ಎಂಬುದಕ್ಕೆ ಆ ದಿನದ ಮುಖಪುಟ, ಓದುಗರ ಪತ್ರ, ತಾಲೂಕು ವರದಿ ಜತೆಗಿದ್ದರೆ ಮಾತ್ರ ಪೂರ್ತಿ ಅರ್ಥ. ಜಾಹೀರಾತೂ ಬೇಕು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದರಲ್ಲೇ ಪತ್ರಿಕೆಯ ಅರ್ಧ ಚರಿತ್ರೆ ಇರುತ್ತದೆ. ಕತ್ತರಿಸಿ ಇಟ್ಟುಕೊಂಡ ತುಣುಕಿನಲ್ಲಿ ಎಷ್ಟೋ ಸಲ ತಾರೀಕೇ ಇರುವುದಿಲ್ಲ. ಆದ್ದರಿಂದ ನಮ್ಮ ಟ್ರಸ್ಟ್ ಕೈಹಾಕಿರುವುದು ಇಡೀ ಪುಟಗಳನ್ನು ಉಳಿಸುವ ಕೆಲಸಕ್ಕೆ.

ಕಾಗದದ ಸ್ಥಿತಿ ಕಾಯುವಂತಿಲ್ಲ. ಇದೇ ಮಂಗಳೂರಿನಲ್ಲಿ 1843ರಲ್ಲಿ ಕಲ್ಲಚ್ಚಿನಲ್ಲಿ ಅಚ್ಚಾದ ‘ಮಂಗಳೂರ ಸಮಾಚಾರ’ ಮರದ ತಿರುಳಿನ ಕಾಗದ ಬಳಕೆಗೆ ಬರುವ ಮುಂಚಿನದು. 1984ರ ನ್ಯೂಸ್‌ಪ್ರಿಂಟ್ ಅದಕ್ಕಿಂತ ಬೇಗ ಸಾಯುತ್ತದೆ. ಅರೆದ ಮರದಿಂದ ಮಾಡಿದ ಈ ಕಾಗದದಲ್ಲಿ ಲಿಗ್ನಿನ್ (ಮರದ ನಾರನ್ನು ಹಿಡಿದಿಡುವ ಅಂಟುವಸ್ತು) ಹಾಗೆಯೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿ ಆಮ್ಲ ಹುಟ್ಟಿ ನಾರು ತುಂಡಾಗುತ್ತದೆ. ಮೊದಲು ಒಡೆಯುವುದು ಮಡಿಕೆ. ಅದರ ಮೇಲೆ ನಮ್ಮ ಮಳೆಗಾಲ. ತೇವಾಂಶ 65 ಶೇಕಡಾ ದಾಟಿದರೆ ಬೂಸ್ಟು ಏಳುತ್ತದೆ, ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಹಗಲು ಎಸಿ ಹಾಕಿ ರಾತ್ರಿ ಆರಿಸಿದರೆ ಇನ್ನೂ ಕೇಡು, ತಣ್ಣಗಾದ ಕಟ್ಟಿನ ಮೇಲೆ ನೀರು ಕಟ್ಟುತ್ತದೆ. ಬೇಕಾಗಿರುವುದು ಹಗಲು ರಾತ್ರಿ ಓಡುವ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ), ತೇವಾಂಶವನ್ನು 50ರಿಂದ 55 ಶೇಕಡಾದಲ್ಲಿ ನಿಲ್ಲಿಸಲು. ದೇಣಿಗೆಯಲ್ಲಿ ಒಂದು ಪಾಲು ಕರೆಂಟ್ ಬಿಲ್ಲಿಗೇ ಹೋಗುತ್ತದೆಂದು ಮೊದಲೇ ಹೇಳಿಬಿಡುತ್ತೇವೆ.

ಕೆಲಸ ಹೀಗೆ. ಬಂದ ಕಟ್ಟನ್ನು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಬೇಕು. ಹುಳ, ಮೊಟ್ಟೆ ಎರಡೂ ಸಾಯುತ್ತವೆ. (ಬೂಸ್ಟು ಸಾಯುವುದಿಲ್ಲ, ಸುಮ್ಮನಾಗುತ್ತದೆ ಅಷ್ಟೆ.) ಮಲ್ಪೆ, ಮಂಗಳೂರು ದಕ್ಕೆಯ (ಮೀನುಗಾರಿಕೆ ಬಂದರಿನ) ಕಡೆ ಮೀನಿನ ಕೋಲ್ಡ್ ಸ್ಟೋರೇಜ್ ಇರುವವರು ಒಂದು ಮೂಲೆ ಬಿಟ್ಟುಕೊಟ್ಟರೆ ಅದೂ ದೇಣಿಗೆಯೇ, ಚೀಲ ಸರಿಯಾಗಿ ಮುಚ್ಚಿದ್ದರೆ ಸಂಪಾದಕೀಯಕ್ಕೆ ಬಂಗುಡೆ ವಾಸನೆ ಹತ್ತುವುದಿಲ್ಲ. ಹೊರಗೆ ತೆಗೆದ ಮೇಲೆ ಚೀಲ ಒಂದು ದಿನ ಮುಚ್ಚಿಯೇ ಇರಬೇಕು. ಆಮೇಲೆ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಹರಿದಲ್ಲಿ ತೆಳು ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಕೂರಿಸಿ, ಬ್ಲಾಟಿಂಗ್ ಕಾಗದದ ನಡುವೆ ಭಾರ ಹೇರಿ ಒಣಗಿಸುವುದು. ಮೈದಾ ಅಂಟು ಬೇಡ, ಅದು ಹುಳಕ್ಕೆ ಊಟ.

ಚಿತ್ರ ತೆಗೆಯುವಾಗಿನ ಲೆಕ್ಕ: ಪುಟ ಸುಮಾರು 40 ಸೆಂ.ಮೀ. ಅಗಲ, 56 ಸೆಂ.ಮೀ. ಉದ್ದ. 24 ಮೆಗಾಪಿಕ್ಸೆಲ್ ಕ್ಯಾಮರಾದಲ್ಲಿ ಒಂದೇ ಸಲಕ್ಕೆ ಹಿಡಿದರೆ ಇಂಚಿಗೆ 250 ಚುಕ್ಕೆ ಮಾತ್ರ ಸಿಗುತ್ತದೆ, ಒತ್ತಕ್ಷರ ಕಲಸಿಹೋಗುತ್ತದೆ. ಮೇಲರ್ಧ, ಕೆಳಗರ್ಧ ಬೇರೆಬೇರೆ ಹಿಡಿದು ಜೋಡಿಸಿದರೆ 330ರ ಹತ್ತಿರ ಬರುತ್ತದೆ. ಬಣ್ಣದಲ್ಲಿ ಹಾಗೆ ಉಳಿಸಿದ ಒಂದು ಪುಟ 110 ಎಂಬಿ ಮೀರುತ್ತದೆ. ದಿನಕ್ಕೆ 8 ಪುಟವೆಂದು ಹಿಡಿದರೆ ಒಂದು ತಿಂಗಳಿಗೆ ಸುಮಾರು 27 ಜಿಬಿ, ಅದನ್ನು ಮೂರು ಕಡೆ ಇಡಬೇಕು, ಅದರಲ್ಲಿ ಒಂದು ಬೇರೆ ಊರಲ್ಲಿ. ಕಂಪ್ಯೂಟರ್ ತಾನೇ ಅಕ್ಷರ ಓದಿಕೊಳ್ಳುತ್ತದಲ್ಲ ಎನ್ನುತ್ತಾರೆ. ಮಸಿ ಹಬ್ಬಿದ ಹಳೆಯ ಅಚ್ಚಿನಲ್ಲಿ ‘ಪ’ ‘ವ’ ಆಗುತ್ತದೆ, ‘ಥ’ ‘ಧ’ ಆಗುತ್ತದೆ, ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ತಾರೀಕು, ಪುಟ, ತಲೆಬರಹ, ಬರೆದವರು, ಊರು, ವಿಷಯ ಇಷ್ಟರ ಸೂಚಿಯನ್ನು ಮನುಷ್ಯರೇ ಕೂತು ಬರೆಯಬೇಕು. ಹಣ ಹೆಚ್ಚು ಬೇಕಾಗುವುದೂ ಇದಕ್ಕೇ.

ನಮ್ಮ ಅಂದಾಜಿನಲ್ಲಿ ಪುಟವೊಂದಕ್ಕೆ 25 ರೂಪಾಯಿ: ಸೂಚಿ ಬರೆಯಲು 9, ಒರೆಸಿ ದುರಸ್ತಿ ಮಾಡಲು 8, ಚಿತ್ರಕ್ಕೆ 6, ಸಂಗ್ರಹಕ್ಕೆ 2. ಒಂದು ತಿಂಗಳ 240 ಪುಟಕ್ಕೆ 6,000 ರೂಪಾಯಿ, ಒಂದು ವರ್ಷಕ್ಕೆ 72,000. ಒಂದು ತಿಂಗಳ ಸಂಪುಟವನ್ನು ಒಬ್ಬರು, ಒಂದು ಯುವಕ ಮಂಡಲ ಅಥವಾ ಒಂದು ಶಾಲೆಯ ಹಳೆ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು. 200 ರೂಪಾಯಿ ಕೊಟ್ಟರೂ ಒಂದು ದಿನದ ಪತ್ರಿಕೆ ಉಳಿಯಿತು.

ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಬೇಕಾದವರು ಪ್ಯಾನ್ ಸಂಖ್ಯೆ ಕೊಡಿ. 2,000 ರೂಪಾಯಿಗೆ ಮೇಲ್ಪಟ್ಟ ನಗದಿಗೆ ರಿಯಾಯಿತಿ ಸಿಗುವುದಿಲ್ಲ, ಚೆಕ್ ಅಥವಾ ಬ್ಯಾಂಕ್ ಮೂಲಕ ಕಳಿಸಿ. ಕೊಲ್ಲಿ ರಾಷ್ಟ್ರಗಳಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರು ತಮ್ಮ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ ವಿದೇಶಿ ದೇಣಿಗೆಯೇ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅದನ್ನು ನಾವು ಸ್ವೀಕರಿಸುವಂತಿಲ್ಲ, ಬೇಸರಿಸಬೇಡಿ.

ಎಲ್ಲವನ್ನೂ ಅಂತರ್ಜಾಲಕ್ಕೆ ಹಾಕುತ್ತೀರಾ ಎಂದರೆ, ಇಲ್ಲ. ಲೇಖಕರು ತೀರಿದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ತನ್ನಲ್ಲಿ ಮೂಲ ಪ್ರತಿ ಇದ್ದರೆ ಅದನ್ನು ಕಾಪಾಡಲು ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯ ಡಿಜಿಟಲ್ ಪ್ರತಿ ಇಟ್ಟುಕೊಳ್ಳಬಹುದು, ಅಷ್ಟಕ್ಕೆ ಕಾನೂನಿನ ಅವಕಾಶವಿದೆ. ಸೂಚಿ ಎಲ್ಲರಿಗೂ ಮುಕ್ತ, ಪುಟ ಓದಲು ವಾಚನಾಲಯಕ್ಕೆ ಬರಬೇಕು.

ಹಣಕ್ಕಿಂತ ಮೊದಲು ಬೇಕಾದದ್ದು ಪತ್ರಿಕೆ. ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ, ಯುವಕ ಮಂಡಲದ ಕಪಾಟಿನಲ್ಲಿ ‘ಮುಂಗಾರು’ ಇದ್ದರೆ ಗುಜರಿಗೆ ಹಾಕುವ ಮುಂಚೆ ಒಂದು ಮಾತು ತಿಳಿಸಿ. ಒಂದೇ ಸಂಚಿಕೆಯಾದರೂ, ಒರಲೆ ತಿಂದದ್ದಾದರೂ ಸರಿ. ಷೇರು ಪತ್ರ, ಚಂದಾ ರಸೀದಿ, ಏಜೆಂಟರ ಲೆಕ್ಕದ ಪುಸ್ತಕವೂ ಬೇಕು. ಬಿಟ್ಟುಕೊಡಲು ಮನಸ್ಸಿಲ್ಲದವರು ಎರವಲು ಕೊಡಬಹುದು, ರಸೀದಿ ಕೊಟ್ಟು ಪಡೆದು ಮರಳಿಸುತ್ತೇವೆ. ದಯವಿಟ್ಟು ಸೆಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಲಿಗೆ ಹರವಬೇಡಿ. ಸುತಳಿ ಹಗ್ಗ ಅಂಚನ್ನು ಕೊಯ್ಯುತ್ತದೆ; ಎರಡು ರಟ್ಟಿನ ನಡುವೆ ಇಟ್ಟು ಅಗಲ ಬಟ್ಟೆಪಟ್ಟಿಯಿಂದ ಕಟ್ಟಿ, ಮಡಚದೆ ತನ್ನಿ. ಆಟಿಯಲ್ಲಿ (ಜುಲೈ-ಆಗಸ್ಟ್‌ನ ಮಳೆಯ ತಿಂಗಳಲ್ಲಿ) ಕಟ್ಟು ಬಿಚ್ಚುವುದು ಬೇಡ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ತಂದರೂ ನಡೆಯುತ್ತದೆ, ತರುವ ದೂರ ಹೆಚ್ಚಿದ್ದರೆ ನಾವೇ ಬಂದು ಒಯ್ಯುತ್ತೇವೆ.