ಬೆಂಕಿಪೊಟ್ಟಣದ ಹುಳುಗಳ ಬಗ್ಗೆ ಪೋಷಕರಿಗೆ ಒಂದು ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಮೊಳಕಾಲ್ಮೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಪ್ರೀತಿಯ ಪೋಷಕರೇ,

ನಮಸ್ಕಾರ.

ದಸರಾ ರಜೆ ಮುಗಿದಾಗಿನಿಂದ ನಿಮ್ಮಲ್ಲಿ ಕೆಲವರು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದೀರಿ. "ಮೇಡಂ, ಹುಳ ಹಿಡಿಯೋಕೆ ಅಂತ ಮಕ್ಕಳನ್ನ ಶಾಲೆಗೆ ಕಳಿಸ್ತೀವಾ?" ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಬಟ್ಟೆ ಒಗೆಯೋಕೆ ಅಂತ ಜೇಬಿಗೆ ಕೈ ಹಾಕಿದರೆ ಬೆಂಕಿಪೊಟ್ಟಣ, ಅದನ್ನು ತೆಗೆದರೆ ಒಳಗೆ ಜೀರ್ಜಿಂಬೆ. ಯಾರಿಗಾದರೂ ಎದೆ ಝಲ್ ಅನ್ನುತ್ತದೆ. ಹುಳು ಹಿಡಿದು ತನ್ನಿ ಅಂತ ನಾವು ಹೇಳಿಲ್ಲ. ನೋಡಿ ಬನ್ನಿ ಅಂತ ಮಾತ್ರ ಹೇಳಿದ್ದೇವೆ. ನಡುವೆ ಏನಾಯಿತು ಅಂತ ನಿಮ್ಮ ಮಕ್ಕಳನ್ನೇ ಕೇಳಿ.

ವಿಷಯ ಇಷ್ಟೇ. ಈ ಸಲ ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಶಾಲೆಯಲ್ಲಿ ಒಂದು ಸಣ್ಣ ಪ್ರದರ್ಶನ ಇಟ್ಟುಕೊಂಡಿದ್ದೇವೆ. ಚಿತ್ರ, ಮಣ್ಣಿನ ಗೊಂಬೆ, ಹಾಡು, ಛದ್ಮವೇಷ, ಎಲ್ಲವೂ ಹುಳುಗಳ ಮೇಲೆಯೇ. ವಿಜ್ಞಾನ ಮೇಳ ಅಲ್ಲ, ಕಲೆಯ ಪ್ರದರ್ಶನ. ಹುಳುವಿಗೂ ಕಲೆಗೂ ಏನು ಸಂಬಂಧ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಪ್ರಶ್ನೆ ಬಂತು. ಅಲ್ಲಿ ಗಡಿಬಿಡಿಯಲ್ಲಿ ಹೇಳಿದ್ದನ್ನೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ನಮ್ಮ ತಾಲ್ಲೂಕಿನ ಹೆಸರು ಹೊರಗಿನವರಿಗೆ ಗೊತ್ತಿರುವುದೇ ಸೀರೆಯಿಂದ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಮಗ್ಗ ಇದೆ. ಅಂಚು, ಸೆರಗು, ಬುಟ್ಟಾ ಇವುಗಳ ಬಗ್ಗೆ ನಿಮಗೆ ಪಾಠ ಹೇಳುವಷ್ಟು ನಾನು ದೊಡ್ಡವಳಲ್ಲ. ಆದರೆ ಏಳನೇ ತರಗತಿಯಲ್ಲಿ ಒಂದು ದಿನ ರೇಷ್ಮೆ ಎಳೆ ಎಲ್ಲಿಂದ ಬರುತ್ತದೆ ಅಂತ ಕೇಳಿದೆ. ಅರ್ಧ ತರಗತಿ "ಅಂಗಡಿಯಿಂದ" ಅಂದಿತು! ಮಗ್ಗದ ಸದ್ದಿನಲ್ಲೇ ಮಲಗಿ ಏಳುವ ಮಕ್ಕಳು ಇವರು.

ಹಾಗಾಗಿ ಮೊದಲು ರೇಷ್ಮೆ ಹುಳುವಿನಿಂದಲೇ ಶುರು ಮಾಡಿದೆವು. ಹಿಪ್ಪುನೇರಳೆ ಸೊಪ್ಪು ತಿನ್ನುತ್ತಾ ಅದು ನಾಲ್ಕು ಸಲ ಚರ್ಮ ಕಳಚುತ್ತದೆ. ಸಾಕುವವರು ಇದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಕಳೆದ ಮೇಲೆ ಅದು ಸೊಪ್ಪು ತಿನ್ನುವ ಸದ್ದನ್ನು ಹತ್ತಿರ ನಿಂತರೆ ಕೇಳಬಹುದು. ಹಣ್ಣಾದ, ಅಂದರೆ ಗೂಡು ಕಟ್ಟೋಕೆ ಸಿದ್ಧವಾದ ಹುಳುವನ್ನು ಚಂದ್ರಿಕೆಗೆ (ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ) ಬಿಟ್ಟರೆ ಎರಡು ಮೂರು ದಿನ ಎಡಬಿಡದೆ ತಲೆ ಆಡಿಸುತ್ತಾ ಗೂಡು ಸುತ್ತುತ್ತದೆ. ತಲೆ ಓಡುವ ದಾರಿ ಇಂಗ್ಲಿಷಿನ 8ರ ಅಂಕಿಯ ಹಾಗೆ. ಒಳ್ಳೆ ಗೂಡಾದರೆ ಅದರ ಒಂದೇ ಎಳೆ ಒಂದು ಕಿಲೋಮೀಟರ್ ದಾಟುತ್ತದೆ. ಮಕ್ಕಳು ಆ 8ರ ಅಂಕಿಯನ್ನು ಹಾಳೆಯ ಮೇಲೆ ಪೆನ್ಸಿಲ್ ಎತ್ತದೆ ಬರೆಯುತ್ತಾ ಹೋದರು. ಬರೆದು ಬರೆದು ಕೊನೆಗೆ ಹಾಳೆಯ ಮೇಲೆ ಗೂಡೇ ಕಾಣಿಸಿತು. ಆ ಹಾಳೆಗಳನ್ನು ಪ್ರದರ್ಶನದ ಬಾಗಿಲಲ್ಲೇ ತೂಗುಹಾಕುತ್ತೇವೆ.

"ನೂಲು ಬಿಚ್ಚುವಾಗ ಹುಳು ಸಾಯುತ್ತಲ್ವಾ ಮೇಡಂ?" ಅಂತ ಒಬ್ಬಳು ಕೇಳಿದಳು. ಸಾಯುತ್ತದೆ ಅಂದೆ. ಅದನ್ನು ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ. ಇದೇ ಸಾವನ್ನು 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಒಂದು ವಚನದಲ್ಲಿ ಹಿಡಿದಿದ್ದಾರೆ. ಹುಳು ಆಸೆಯಿಂದ ಮನೆ ಕಟ್ಟಿಕೊಂಡು, ತನ್ನ ನೂಲೇ ತನ್ನನ್ನು ಸುತ್ತಿ ಸಾಯುತ್ತದಲ್ಲ, ಹಾಗೆ ನಾನೂ ಮನಸ್ಸಿಗೆ ಬಂದದ್ದನ್ನೆಲ್ಲ ಬಯಸಿ ಬೇಯುತ್ತಿದ್ದೇನೆ ಅಂತ ಅವರು ಚೆನ್ನಮಲ್ಲಿಕಾರ್ಜುನನ ಹತ್ತಿರ ಹೇಳಿಕೊಳ್ಳುತ್ತಾರೆ. ಹುಳು ಗೂಡು ಸುತ್ತುವುದನ್ನು ಹತ್ತಿರದಿಂದ ನೋಡಿದವರಿಂದಲ್ಲದೆ ಈ ಮಾತು ಎಲ್ಲಿಂದ ಬರಬೇಕು? ನಾನು ಮಕ್ಕಳಿಗೆ ಹೇಳಬೇಕು ಅಂದುಕೊಂಡಿರುವುದೂ ಇದನ್ನೇ. ಬರೆಯುವವರಾಗಲಿ, ಕೆತ್ತುವವರಾಗಲಿ, ಕುಣಿಯುವವರಾಗಲಿ, ಮೊದಲು ಕಣ್ಣಿಟ್ಟು ನೋಡಿದ್ದಾರೆ. ಕೈ ಓಡಿದ್ದು ಆಮೇಲೆ.

ಇನ್ನೊಬ್ಬರ ಕಥೆ ಹೇಳುತ್ತೇನೆ. ಮಕ್ಕಳಿಗೆ ಇವರು ತುಂಬಾ ಹಿಡಿಸಿದ್ದಾರೆ. ಮರಿಯಾ ಸಿಬಿಲಾ ಮೆರಿಯಾನ್ ಅಂತ, 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದವರು. 13ನೇ ವಯಸ್ಸಿಗೆ ರೇಷ್ಮೆ ಹುಳು ಸಾಕಿ, ದಿನ ದಿನ ಅದನ್ನು ನೋಡಿ ಚಿತ್ರ ಬರೆಯೋಕೆ ಶುರು ಮಾಡಿದರು. ನಮ್ಮ ಏಳನೇ ತರಗತಿ ಹುಡುಗಿಯರ ವಯಸ್ಸೇ. ಆ ಕಾಲದಲ್ಲಿ ಹುಳುಗಳು ಕೆಸರಿನಿಂದ, ಕೊಳೆತ ವಸ್ತುವಿನಿಂದ ತಾವೇ ಹುಟ್ಟುತ್ತವೆ ಅಂತ ಎಷ್ಟೋ ಜನ ನಂಬಿದ್ದರು. ಈಕೆ ಮಾತ್ರ ಮೊಟ್ಟೆ, ಹುಳು, ಗೂಡು, ಚಿಟ್ಟೆ, ಜೊತೆಗೆ ಆ ಹುಳು ತಿನ್ನುವ ಗಿಡ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ತೋರಿಸಿದರು. 1699ರಲ್ಲಿ, 52ನೇ ವಯಸ್ಸಿನಲ್ಲಿ, ಚಿಕ್ಕ ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದರು. ಅಲ್ಲಿನ ಹುಳುಗಳನ್ನು ನೋಡಬೇಕು ಅನ್ನುವ ಒಂದೇ ಆಸೆಗೆ. ಅಲ್ಲಿ ಕಾಯಿಲೆ ಬಿದ್ದು 1701ರಲ್ಲಿ ವಾಪಸ್ ಬಂದರು. 1705ರಲ್ಲಿ ಅವರ ಚಿತ್ರಗಳ ದೊಡ್ಡ ಪುಸ್ತಕ ಹೊರಬಂತು. ಯೂರೋ ಬರುವ ಮುಂಚೆ ಜರ್ಮನಿಯ 500 ಮಾರ್ಕಿನ ನೋಟಿನ ಮೇಲೆ ಇವರ ಮುಖ ಇತ್ತು. ಹುಳ ನೋಡುತ್ತಾ ಕೂತರೆ ಏನು ಸಿಗುತ್ತೆ ಅಂತ ಕೇಳಿದ ಒಬ್ಬ ಅಪ್ಪನಿಗೆ ನಾನು ಈ ನೋಟಿನ ವಿಷಯ ಹೇಳಿದೆ. ಅವರು ನಕ್ಕರು, ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

ಮಕ್ಕಳಿಗೆ ಕೊಟ್ಟಿರುವ ಚಿತ್ರದ ಕೆಲಸವೂ ಇದೇ. ಒಂದು ಹುಳು, ಅದರ ಎಲ್ಲ ಹಂತಗಳು, ಅದು ತಿನ್ನುವ ಗಿಡ, ಎಲ್ಲ ಒಂದೇ ಹಾಳೆಯಲ್ಲಿ. ಕರಿಬೇವಿನ ಗಿಡದ ಮೇಲೆ ಹಸಿರು ಹುಳು ಕಂಡರೆ ದಯವಿಟ್ಟು ಒಂದು ವಾರ ಬಿಟ್ಟುಬಿಡಿ. ಒಗ್ಗರಣೆಗೆ ನಾಲ್ಕು ಎಲೆ ಕಡಿಮೆಯಾಗಬಹುದು, ಮಗುವಿಗೆ ಚಿಟ್ಟೆ ಸಿಗುತ್ತದೆ.

ಈಗ ಮಾಚಿಕಾಯಿಯ ವಿಷಯ. ಕೂಸಿಗೆ ಬಜೆಬೇರಿನ ಜೊತೆ ತೇಯುತ್ತಾರಲ್ಲ, ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತಲ್ಲ, ಅದೇ. ಹೆಸರು ಕಾಯಿ ಅಂತಿದ್ದರೂ ಅದು ಕಾಯಲ್ಲ. ಟರ್ಕಿ, ಇರಾನ್ ಕಡೆ ಬೆಳೆಯುವ ಓಕ್ ಮರದ ಕೊಂಬೆಯಲ್ಲಿ ಒಂದು ಸಣ್ಣ ಕಣಜ ಮೊಟ್ಟೆ ಇಡುತ್ತದೆ. ಮರಿಯ ಸುತ್ತ ಮರ ಊದಿಕೊಂಡು ಗಂಟು ಕಟ್ಟುತ್ತದೆ. ಆ ಗಂಟೇ ಮಾಚಿಕಾಯಿ. ಇದನ್ನು ಕುಟ್ಟಿ, ನೆನೆಸಿ, ಆ ನೀರಿಗೆ ಅನ್ನಭೇದಿ (ಕಬ್ಬಿಣದ ಒಂದು ಲವಣ) ಹಾಕಿದರೆ ಕಪ್ಪು ಶಾಯಿ ಆಗುತ್ತದೆ. ಯುರೋಪಿನಲ್ಲಿ ನೂರಾರು ವರ್ಷ ಜನ ಬರೆದಿದ್ದು ಇದರಲ್ಲೇ. ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳಿಗೂ, ಸಂಗೀತಗಾರ ಬಾಖ್ ಬರೆದ ಸ್ವರಗಳಿಗೂ ಇದೇ ಶಾಯಿ. ಈ ಶಾಯಿ ಕಾಲ ಕಳೆದಂತೆ ಕಾಗದವನ್ನೇ ತಿಂದುಬಿಡುತ್ತದೆ. ಬಾಖ್ ಕೈಬರಹದ ಹಾಳೆಗಳನ್ನು ಉಳಿಸಿಕೊಳ್ಳೋಕೆ ಗ್ರಂಥಾಲಯಗಳು ಒದ್ದಾಡಿವೆ. ಶಾಲೆಯಲ್ಲಿ ಈ ಶಾಯಿಯನ್ನು ನಮ್ಮ ವಿಜ್ಞಾನದ ಮೇಷ್ಟ್ರೇ ಮಾಡುತ್ತಾರೆ, ಮಕ್ಕಳ ಕೈಗೆ ಅನ್ನಭೇದಿ ಕೊಡುವುದಿಲ್ಲ. ಮನೆಯಲ್ಲಿ ಹಳೆ ಮಾಚಿಕಾಯಿ ಇದ್ದರೆ ಒಂದೆರಡು ಕಳಿಸಿಕೊಡಿ. ಅದರ ಮೇಲೆ ಸಣ್ಣ ತೂತು ಇದ್ದರೆ ಕಣಜ ಹೊರಗೆ ಹಾರಿಹೋಗಿದೆ ಅಂತ ಅರ್ಥ.

ಅರಗೂ ಹೀಗೆಯೇ. ಮುತ್ತುಗ, ಬೋರೆ ಮರಗಳ ಕೊಂಬೆಗೆ ಅಂಟಿಕೊಂಡ ಪುಟಾಣಿ ಹುಳು ಸುರಿಸುವ ಅಂಟು ಅದು. ಚನ್ನಪಟ್ಟಣದವರು ತಿರುಗುವ ಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಗೊಂಬೆಗೆ ಮೆತ್ತಿಕೊಳ್ಳುತ್ತದೆ. ಪಾಂಡವರನ್ನು ಸುಡಬೇಕು ಅಂತ ದುರ್ಯೋಧನ ಕಟ್ಟಿಸಿದ್ದೂ ಅರಗಿನ ಮನೆ. ಅಷ್ಟು ಅರಗು ಕೂಡಿಹಾಕೋಕೆ ಎಷ್ಟು ಹುಳು ಬೇಕಾಗಿರಬಹುದು ಅಂತ ಐದನೇ ತರಗತಿಯವರು ಲೆಕ್ಕ ಹಾಕೋಕೆ ಕೂತಿದ್ದರು. ಉತ್ತರ ಇನ್ನೂ ಬಂದಿಲ್ಲ.

ಬೆಂಕಿಪೊಟ್ಟಣದ ಜೀರ್ಜಿಂಬೆಗೂ ದೊಡ್ಡ ನೆಂಟರಿದ್ದಾರೆ. ಮಿರಮಿರ ಹೊಳೆಯುವ ಈ ಜಾತಿಯ ಹುಳುಗಳ ಗಟ್ಟಿ ರೆಕ್ಕೆಗಳನ್ನು ಹಿಂದೆ ನಮ್ಮ ದೇಶದಲ್ಲಿ ಶ್ರೀಮಂತರ ಬಟ್ಟೆಗೆ ಹೊಲಿಯುತ್ತಿದ್ದರು. ಬೆಲ್ಜಿಯಂನ ಬ್ರಸೆಲ್ಸ್ ಅರಮನೆಯ ಒಂದು ಚಾವಣಿಗೆ 2002ರಲ್ಲಿ ಯಾನ್ ಫಾಬ್ರ ಅನ್ನುವ ಕಲಾವಿದ ಸುಮಾರು 14 ಲಕ್ಷ ರೆಕ್ಕೆ ಅಂಟಿಸಿದ. ನನಗೆ ಇದು ಸ್ವಲ್ಪ ಅತಿ ಅನಿಸುತ್ತದೆ. ಆದರೆ ಚಿತ್ರ ತೋರಿಸಿದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು.

ಸಿನಿಮಾದ ವಿಷಯಕ್ಕೆ ಬಂದರೆ ಮಕ್ಕಳೇ ನನಗೆ ಮೇಷ್ಟ್ರು. 2012ರಲ್ಲಿ ಬಂದ ರಾಜಮೌಳಿಯವರ 'ಈಗ' ಚಿತ್ರವನ್ನು ನೋಡದ ಮಗು ನಮ್ಮಲ್ಲಿಲ್ಲ. ಸತ್ತ ನಾಯಕ ನೊಣವಾಗಿ ಹುಟ್ಟಿ ಬಂದು ಸುದೀಪ್ ಅವರನ್ನು ಕಾಡುವ ಕಥೆ. "ಅದರಲ್ಲಿ ನೊಣಾನೇ ಹೀರೋ ಮೇಡಂ" ಅಂತ ವಾದ ಮಾಡುತ್ತಾರೆ. ಸರಿ, ಹಾಗಾದರೆ ನಿಜವಾದ ನೊಣ ಕೂತಾಗ ಮುಂದಿನ ಕಾಲುಗಳನ್ನು ಯಾಕೆ ಉಜ್ಜಿಕೊಳ್ಳುತ್ತದೆ ಅಂತ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ನೊಣ ರುಚಿ ನೋಡುವುದು ಕಾಲಿನಿಂದಲೂ ಹೌದು. ಅದಕ್ಕೇ ಕಾಲನ್ನು ಆಗಾಗ ಒರೆಸಿ ಚೊಕ್ಕ ಮಾಡಿಕೊಳ್ಳುತ್ತದೆ. ಈಗ ಆರನೇ ತರಗತಿಯವರು ನೊಣದ ಮೂಕಾಭಿನಯ ಮಾಡುತ್ತಿದ್ದಾರೆ. ಕಾಲು ಉಜ್ಜುವುದನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆ ಅಂದರೆ ಬಿಸಿಯೂಟದ ಹೊತ್ತಿಗೆ ಸ್ವಲ್ಪ ಕಸಿವಿಸಿಯಾಗುತ್ತದೆ.

ಮೊಬೈಲ್ ಬಿಡಲ್ಲ ಅಂತ ದೂರುವ ಪೋಷಕರಿಗೆ ಒಂದು ಮಾತು. ಜಪಾನಿನ ಪೋಕೆಮಾನ್ ಆಟವನ್ನು ಹುಟ್ಟುಹಾಕಿದ ಸತೋಶಿ ತಜಿರಿ ಚಿಕ್ಕವರಿದ್ದಾಗ ಟೋಕಿಯೊ ಹೊರಗಿನ ಗದ್ದೆ, ಹಳ್ಳಗಳಲ್ಲಿ ಹುಳು ಹಿಡಿಯುತ್ತಾ ಬೆಳೆದವರು. ಆ ಜಾಗಗಳೆಲ್ಲ ಕಟ್ಟಡಗಳಾದ ಮೇಲೆ, ಹುಳು ಹುಡುಕಿ ಹಿಡಿಯುವ ಖುಷಿ ಈಗಿನ ಮಕ್ಕಳಿಗೂ ಸಿಗಲಿ ಅಂತ ಆ ಆಟವನ್ನು ಮಾಡಿದರು. 1996ರಲ್ಲಿ ಅದು ಬಂತು. ಅಲ್ಲಿನ ಮಕ್ಕಳಿಗೆ ಪರದೆಯ ಮೇಲೆ ಸಿಕ್ಕಿದ್ದು ನಮ್ಮ ಮಕ್ಕಳಿಗೆ ಇನ್ನೂ ಶಾಲೆಯ ಬೇಲಿಯಲ್ಲೇ ಸಿಗುತ್ತಿದೆ.

ಹುತ್ತದ ಬಗ್ಗೆ ನಾನು ಜಾಸ್ತಿ ಹೇಳಬೇಕಿಲ್ಲ. ನಾಗರ ಪಂಚಮಿಗೆ ಹಾಲೆರೆಯುವವರು ನೀವು, ವಾಲ್ಮೀಕಿ ಮಹರ್ಷಿಗಳ ಸುತ್ತ ಹುತ್ತ ಬೆಳೆದ ಕಥೆಯನ್ನು ಮಕ್ಕಳಿಗೆ ಹೇಳಿದವರೂ ನೀವೇ. ಕಟ್ಟಿದ್ದು ಗೆದ್ದಲು, ಹೆಸರು ಮಾತ್ರ ಹಾವಿಗೆ. ಜಿಂಬಾಬ್ವೆಯ ಹರಾರೆಯಲ್ಲಿ ಮಿಕ್ ಪಿಯರ್ಸ್ ಅನ್ನುವ ವಾಸ್ತುಶಿಲ್ಪಿ ಹುತ್ತದಲ್ಲಿ ಗಾಳಿ ಆಡುವ ರೀತಿಯಿಂದ ಕಲಿತು ಒಂದು ದೊಡ್ಡ ಕಟ್ಟಡ ಕಟ್ಟಿದರು. 1996ರಲ್ಲಿ ತೆರೆದ ಆ ಕಟ್ಟಡಕ್ಕೆ ಮಾಮೂಲಿ ಏಸಿ ಇಲ್ಲ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೀಟಿನ ಕೆಳಗೆ ಪಾಠ ಮಾಡುವಾಗ ನನಗೆ ಆ ಕಟ್ಟಡ ನೆನಪಾಗುತ್ತದೆ.

ರೈತರಾದ ಪೋಷಕರು ಈ ಪತ್ರ ಓದಿ ನಗಬಹುದು. ಶೇಂಗಾ ಹೊಲಕ್ಕೆ ಕೆಂಪು ತಲೆ ಕಂಬಳಿ ಹುಳು ಬಿದ್ದಾಗ ಅದರಲ್ಲಿ ಕಲೆ ನೋಡಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ನಷ್ಟ ನನಗೆ ಗೊತ್ತು, ನಮ್ಮ ಮನೆಯಲ್ಲೂ ಹೊಲ ಇದೆ. ಆದರೆ ಹುಳುವನ್ನು ಬೈಯುವುದಕ್ಕೂ ಒಂದು ಹಾಡು ಇರುತ್ತದೆ. ಹೊಲದ ಕೆಲಸದ ಹೊತ್ತಿನಲ್ಲಿ ಅಜ್ಜಿಯರು ಹೇಳುತ್ತಿದ್ದ ಹಾಡು, ಒಗಟು, ಬೈಗುಳ ಏನಿದ್ದರೂ ಮಕ್ಕಳಿಗೆ ಹೇಳಿಕೊಡಿ. ಬೈಗುಳ ಸ್ವಲ್ಪ ಸೋಸಿ ಕೊಡಿ. ಇರುವೆ, ಜೇನು, ತಿಗಣೆ, ಸೊಳ್ಳೆ, ಯಾವುದರ ಮೇಲಾದರೂ ನಡೆಯುತ್ತದೆ. ಮಕ್ಕಳು ಬರೆದುಕೊಂಡು ಬಂದರೆ ಒಂದು ಪುಸ್ತಕ ಹೊಲಿದು ಶಾಲೆಯ ಗ್ರಂಥಾಲಯದಲ್ಲಿ ಇಡುತ್ತೇವೆ, ಹೇಳಿದವರ ಹೆಸರಿನ ಜೊತೆ.

ಇನ್ನು ಕೆಲವು ಕಟ್ಟುನಿಟ್ಟಿನ ಮಾತು. ಯಾವ ಹುಳುವನ್ನೂ ಕೊಂದು, ಗುಂಡುಪಿನ್ ಚುಚ್ಚಿ ತರುವಂತಿಲ್ಲ. ಬೆಂಕಿಪೊಟ್ಟಣಗಳನ್ನು ಇದೇ ಶನಿವಾರ ಶಾಲೆಯ ಬೇಲಿ ಹತ್ತಿರ ಖಾಲಿ ಮಾಡಿಸುತ್ತೇವೆ. ಕಂಬಳಿ ಹುಳು ಮುಟ್ಟಿದರೆ ಮೈಯೆಲ್ಲ ತುರಿಕೆ, ಅದನ್ನು ದೂರದಿಂದಲೇ ನೋಡಬೇಕು. ಕಣಜದ ಗೂಡಿಗೆ, ಬಂಡೆಗೆ ಕಟ್ಟಿದ ಹೆಜ್ಜೇನಿಗೆ ಕಲ್ಲು ಹೊಡೆಯುವ ಹುಡುಗರು ಯಾರು ಅಂತ ನನಗೆ ಗೊತ್ತು, ಅವರ ಮನೆಗೆ ನಾನೇ ಬರುತ್ತೇನೆ. ಝೆರಾಕ್ಸ್ ಅಂಗಡಿಯಲ್ಲಿ ಚಿಟ್ಟೆಯ ಪ್ರಿಂಟ್ ತೆಗೆಸಿ ಚಾರ್ಟಿಗೆ ಅಂಟಿಸಿದರೆ ನಾವು ತೆಗೆದುಕೊಳ್ಳುವುದಿಲ್ಲ. ಥರ್ಮಾಕೋಲ್ ಬೇಡ. ದುಡ್ಡು ಕಟ್ಟುವುದೂ ಏನಿಲ್ಲ. ಮಗ್ಗದಲ್ಲಿ ಉಳಿದ ರೇಷ್ಮೆ ತುಂಡು ದಾರ, ಒಡೆದ ಅರಗಿನ ಬಳೆ, ಕೆರೆಯ ಜೇಡಿಮಣ್ಣು ಇದ್ದರೆ ಸಾಕು.

ಛದ್ಮವೇಷಕ್ಕೆ ಪ್ರತಿ ವರ್ಷ ಅರ್ಧ ಡಜನ್ ಓಬವ್ವಂದಿರು ಒನಕೆ ಹಿಡಿದು ಬರುತ್ತಾರೆ. ಈ ಸಲ ಓಬವ್ವನಿಗೆ ರಜೆ. ಸ್ಪೈಡರ್‌ಮ್ಯಾನ್ ಆಗುತ್ತೇವೆ ಅಂತ ಕೆಲವರು ಹಠ ಹಿಡಿದಿದ್ದಾರೆ. ಜೇಡಕ್ಕೆ ಎಂಟು ಕಾಲು, ಹಾಗಾಗಿ ಅದು ಕೀಟವೇ ಅಲ್ಲ. ಇದನ್ನು ವೇದಿಕೆಯ ಮೇಲೆ ಹೇಳಿ ಒಪ್ಪಿಕೊಂಡವರಿಗೆ ಮಾತ್ರ ಅವಕಾಶ. ಐದನೇ ತರಗತಿಯ ಒಬ್ಬ ಸಗಣಿ ಹುಳು ಆಗುತ್ತಾನಂತೆ. ಎಲ್ಲರೂ ನಕ್ಕರು. ಈಜಿಪ್ಟಿನವರು ಇದೇ ಜಾತಿಯ ಹುಳು ಉಂಡೆ ಉರುಳಿಸುವುದನ್ನು ನೋಡಿ, ಸೂರ್ಯನನ್ನು ಆಕಾಶದಲ್ಲಿ ಉರುಳಿಸುವ ದೇವರನ್ನೇ ಕಂಡರು, ಕಲ್ಲಿನಲ್ಲಿ ಕೆತ್ತಿ ತಾಯಿತ ಮಾಡಿ ಕಟ್ಟಿಕೊಂಡರು ಅಂತ ಅವನೇ ಎದ್ದು ನಿಂತು ಹೇಳಿದ. ಆಮೇಲೆ ಯಾರೂ ನಗಲಿಲ್ಲ.

ನವೆಂಬರ್ 14ರಂದು ಬೆಳಗ್ಗೆ 10 ಗಂಟೆಗೆ ಬನ್ನಿ. ಮಗ್ಗದ ಕೆಲಸ ಬಿಟ್ಟು ಬರುವುದು ಕಷ್ಟ ಅಂತ ಗೊತ್ತು. ಹಾಗಾಗಿ ಸಂಜೆ 6ರವರೆಗೂ ಬಾಗಿಲು ತೆರೆದಿರುತ್ತದೆ. ನೇಯುವವರು ಯಾರಾದರೂ ಒಂದು ಗಂಟೆ ಕೂತು ಗೂಡಿನ ಎಳೆ ಸೀರೆಯಾಗುವ ತನಕದ ಕೆಲಸವನ್ನು ಮಕ್ಕಳಿಗೆ ವಿವರಿಸುವುದಾದರೆ ಮುಂಚೆಯೇ ತರಗತಿ ಶಿಕ್ಷಕರಿಗೆ ತಿಳಿಸಿ.

ಇಂತಿ,
ನಿಮ್ಮ ಮಕ್ಕಳ ಮುಖ್ಯ ಶಿಕ್ಷಕಿ

ತಾ.ಕ.: ಸಗಣಿ ಹುಳುವಿಗೆ ಹಳೆಯ ಕಪ್ಪು ರೇನ್‌ಕೋಟ್ ಒಂದು ಬೇಕಾಗಿದೆ. ಹರಿದಿದ್ದರೂ ಪರವಾಗಿಲ್ಲ. ಉಂಡೆಯನ್ನು ಅವನೇ ಮಣ್ಣಿನಲ್ಲಿ ಮಾಡಿಕೊಳ್ಳುತ್ತಾನೆ.