ಅಜ್ಜಿಯ ಶಿವಗಣಾರಾಧನೆ ಮುಗಿಯಿತು: ಎದುರುಮನೆ ಅಕ್ಕನಿಗೆ ನಮ್ಮ ನಮಸ್ಕಾರ

ಮೊನ್ನೆ ಸೋಮವಾರ ಅಜ್ಜಿಯ ಶಿವಗಣಾರಾಧನೆ, ಅಂದರೆ ತೀರಿಕೊಂಡವರ ಹೆಸರಿನಲ್ಲಿ ನಾವು ಮಾಡುವ ಆರಾಧನೆ, ಆಯಿತು. ಕಾಯಿಲೆ ಏನು, ಎಲ್ಲೆಲ್ಲಿ ತೋರಿಸಿದ್ದು ಎನ್ನುವುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದರಿಂದ ಮತ್ತೆ ಬರೆಯುವುದಿಲ್ಲ. ಸಮಾಧಿ ತೋಡಿದ ಊರ ಹುಡುಗರು, ವಿಭೂತಿ ಗಟ್ಟಿ, ಬಿಲ್ವಪತ್ರೆ, ಉಪ್ಪು ಹೊಂದಿಸಿದ ಚಿಕ್ಕಪ್ಪಂದಿರು, ಕ್ರಿಯೆ ನಡೆಸಿಕೊಟ್ಟ ಅಯ್ಯನವರು, ಬೆಳಗಿನವರೆಗೂ ಕೂತ ಭಜನೆಯವರು, ತುಮಕೂರಿನಿಂದ ಗಾಡಿ ಕಳಿಸಿದವರು, ಆರಾಧನೆಯ ದಿನ ಪಂಕ್ತಿಯಲ್ಲಿ ಬಡಿಸಿದವರು, ಎಲ್ಲರಿಗೂ ಶರಣು ಶರಣಾರ್ಥಿ.

ಅಜ್ಜಿಯ ಭಕ್ತಿಗೆ ಒಂದು ಅಳತೆ ಇತ್ತು: ಹಿಡಿ. ಒಲೆ ಹಚ್ಚುವ ಮುಂಚೆ ಸಿದ್ಧಗಂಗೆ ಮಠದ ದಾಸೋಹದ (ಅನ್ನದಾನದ) ಹೆಸರಿನಲ್ಲಿ ಒಂದು ಹಿಡಿ ರಾಗಿ ಗಡಿಗೆಗೆ ಬೀಳಬೇಕು. ಆ ಸಣ್ಣ ಕೈಗೆ ಹೆಚ್ಚೆಂದರೆ 40 ಗ್ರಾಂ ಬರುತ್ತಿತ್ತು. ದಿನಕ್ಕೆ ಎರಡು ಹೊತ್ತು ಅಂದರೆ ವರ್ಷಕ್ಕೆ 29 ಕೆಜಿ. ಶಿವರಾತ್ರಿ ಜಾತ್ರೆಗೆ ಮಠವಿರುವ ಕ್ಯಾತ್ಸಂದ್ರದ ಬಸ್ಸು ಹತ್ತುವಾಗ ಅದು ಒಂದು ಚೀಲ. ಅನ್ನಕ್ಕಿಡುವ ದಿನ ಅಕ್ಕಿಯ ಹಿಡಿ, ಅದಕ್ಕೆ ಬೇರೆಯೇ ಡಬ್ಬ. ಅಕ್ಕಿಗೆ ಹುಳ ಬೇಗ ಬೀಳುತ್ತದೆ, ರಾಗಿಗೆ ಬೀಳುವುದು ಅಪರೂಪ. ಎರಡನ್ನೂ ಬೆರೆಸಿದರೆ ಒಂದರ ಕೇಡು ಇನ್ನೊಂದಕ್ಕೆ. ಅಕ್ಕಿಯ ಡಬ್ಬಕ್ಕೆ ಬೇವಿನ ಸೊಪ್ಪು ಹಾಕುತ್ತಿದ್ದರು, ನೆರಳಲ್ಲಿ ಒಣಗಿಸಿದ್ದನ್ನೇ. ಹಸಿ ಸೊಪ್ಪಾದರೆ ಅದರ ತೇವವೇ ಅಕ್ಕಿಯನ್ನು ಕೆಡಿಸುತ್ತದೆ.

ಅಕ್ಕಿ ತೊಳೆದ ಮೇಲೆ ಹಿಡಿ ತೆಗೆಯುವಂತಿರಲಿಲ್ಲ. "ಒದ್ದೆ ಕೈಲಿ ಹಾಕ್‌ಬ್ಯಾಡ, ಮುಗ್ಗು ಹಿಡೀತದೆ, ಮಠದ ಮಕ್ಕಳು ಉಣ್ಣೋದು" ಎಂದು ಮನೆಗೆ ಬಂದ ಸೊಸೆಯರಿಗೆಲ್ಲ ಹೇಳಿಕೊಟ್ಟಿದ್ದರು. ಬಿಸಿಲಿಗೆ ಹರವಿದ ರಾಗಿಯೂ ಪೂರ್ತಿ ಆರಬೇಕು. ಬಿಸಿ ಇರುವಾಗಲೇ ತುಂಬಿ ಬಾಯಿ ಕಟ್ಟಿದರೆ ಗಡಿಗೆ ಒಳಗೇ ಬೆವರುತ್ತದೆ, ಮೊದಲು ಕೆಡುವುದು ಮೇಲಿನ ಪದರ. 2019ರ ಜನವರಿ 21ರಂದು ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ಸುದ್ದಿ ಬಂದ ಸಂಜೆಯೂ ಅಜ್ಜಿ ಕಣ್ಣೊರೆಸಿಕೊಂಡು ಹಿಡಿ ಹಾಕಿದರು. ಬುದ್ಧಿಯೋರು ಹೋದರೂ ನಾಳೆ ಬೆಳಿಗ್ಗೆ ಮಕ್ಕಳಿಗೆ ಹಸಿವಾಗುತ್ತದಲ್ಲ ಎಂದರು.

ಪತ್ರೆಯದೂ ಹಾಗೆಯೇ. ಸೋಮವಾರ ಬಿಲ್ವ ಕೀಳಬಾರದೆಂದು ಭಾನುವಾರ ಸಂಜೆಯೇ ತಂದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡುವುದು. ಮೂರೆಲೆಯೂ ಕೂಡಿರಬೇಕು, ತೂತಿರಬಾರದು, ತೊಟ್ಟಿನ ಗಂಟು ಮುರಿದಿರಬೇಕು.

ಇನ್ನು ಎದುರುಮನೆ ಅಕ್ಕ. ಅವರು ಲಿಂಗ ಕಟ್ಟಿದವರಲ್ಲ. ಆದರೂ ಕೊನೆಯ ಎರಡು ತಿಂಗಳು ಅಜ್ಜಿಯ ಪೂಜೆ ಒಂದು ದಿನವೂ ತಪ್ಪದೆ ನಡೆದಿದ್ದು ಅವರಿಂದ. ಇಷ್ಟಲಿಂಗ ಕಟ್ಟಿಕೊಂಡವರ ಸ್ವಂತದ್ದು, ಇನ್ನೊಬ್ಬರು ಮುಟ್ಟುವುದಿಲ್ಲ ಎಂಬುದನ್ನು ಅಕ್ಕ ಮೊದಲ ದಿನವೇ ಕೇಳಿ ತಿಳಿದುಕೊಂಡರು. ಅಜ್ಜಿಯ ಎಡಗೈ ನಡುಗಿ ಲಿಂಗ ಜಾರುವಂತಾದಾಗ ಅವರು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಮೊಣಕೈ ಕೆಳಗೆ ಕೊಟ್ಟು, ಅಂಗೈ ಎದೆಮಟ್ಟಕ್ಕೆ ಬರುವಂತೆ ಹಿಡಿದು ಕೂರುತ್ತಿದ್ದರು. ಮಣಿಕಟ್ಟು ಹಿಡಿದರೆ ನಡುಕ ಹೆಚ್ಚುತ್ತದೆ, ಮೊಣಕೈಗೆ ಆಸರೆ ಸಿಕ್ಕರೆ ಬೆರಳು ತಾವಾಗಿಯೇ ನಿಲ್ಲುತ್ತವೆ ಎಂದು ಕಂಡುಕೊಂಡವರು ಅವರೇ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮಂಡಿಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಕೆಳಗೆ ಸುತ್ತಿದ ಬೆಡ್‌ಶೀಟು, ಹಾಸಿನಲ್ಲಿ ಒಂದು ಸುಕ್ಕೂ ಇಲ್ಲ. ಸೊಂಟದ ಹತ್ತಿರ ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ನೋಡಿ, ಒತ್ತಿದಾಗಲೂ ಬೆಳ್ಳಗಾಗದೆ ಕೆಂಪು ಹಾಗೇ ಉಳಿದರೆ ಹುಣ್ಣು ಶುರುವಾದಂತೆ, ಆ ಮಗ್ಗುಲಿಗೆ ಮಲಗಿಸಬೇಡಿ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಬರಹ ಇನ್ನೂ ಇದೆ, ಅಳಿಸಿಲ್ಲ. ಅಂಬಲಿಗೆ ಒಂದು ಚಮಚ ರಾಗಿಹಿಟ್ಟನ್ನು ತಣ್ಣೀರಲ್ಲೇ ಕದಡಿ ಕಾಯಿಸುತ್ತಿದ್ದರು, ಬಿಸಿನೀರಿಗೆ ಸುರಿದರೆ ಗಂಟಾಗುತ್ತದೆ. ತೆಳುಬಟ್ಟೆಯಲ್ಲಿ ಸೋಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಒಂದು ಚಮಚ ಇಳಿದದ್ದನ್ನು ನೋಡಿಕೊಂಡೇ ಇನ್ನೊಂದು. ಕುಡಿಸಿದ ಮೇಲೆ ಅರ್ಧ ಗಂಟೆ ಮಲಗಿಸುತ್ತಿರಲಿಲ್ಲ.

ಆ ಕೊನೆಯ ರಾತ್ರಿ. ಗಂಟಲಲ್ಲಿ ಗೊರಗೊರ ಶುರುವಾದಾಗ ಮನೆಯವರು ಯಾರಿಗೂ ಕೈಕಾಲು ಆಡಲಿಲ್ಲ. ಅಕ್ಕ ಅಜ್ಜಿಯನ್ನು ಮಗ್ಗುಲಿಗೆ ತಿರುಗಿಸಿ, ಕಫ ಹೊರಗೆ ಹರಿಯುವಂತೆ ತಲೆ ತುಸು ಬಾಗಿಸಿದರು. ಪಾದೋದಕ (ಪೂಜೆಯ ತೀರ್ಥ) ಬಾಯಿಗೆ ಬಿಡಿ ಎಂದು ಎಲ್ಲರೂ ಅವಸರ ಮಾಡುವಾಗ, ನುಂಗಲಾಗದವರ ಬಾಯಿಗೆ ಸುರಿದರೆ ಉಸಿರಿಗೆ ಹೋಗುತ್ತದೆ, ತುಟಿಗೆ ಮುಟ್ಟಿಸಿದರೂ ಅವರಿಗೆ ಸಂದಂತೆಯೇ ಎಂದು ಹತ್ತಿಯಲ್ಲಿ ಅದ್ದಿ ಸವರಿದರು. ಮಾಗಿಯ ಚಳಿಗೆ ದೀಪದ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಬತ್ತಿ ಎಣ್ಣೆ ಎಳೆಯುತ್ತಿರಲಿಲ್ಲ. ಮನೆಗೆ ಓಡಿ ಹರಳೆಣ್ಣೆ ತಂದು, ಎರಡೆಳೆ ಬತ್ತಿ ಹೊಸೆದು ಹಚ್ಚಿ, ಕಿಟ್ಟ ಕಟ್ಟಿದಾಗೆಲ್ಲ ತುದಿ ಚಿವುಟುತ್ತ ಕೂತರು. ದೀಪ ಆರಲಿಲ್ಲ. ಅಜ್ಜಿ ಹೋದರು. ಈ ಎರಡು ಮಾತನ್ನು ಒಂದರ ಪಕ್ಕ ಒಂದು ಬರೆಯಲು ಇಷ್ಟು ದಿನ ಬೇಕಾಯಿತು.

ಅಳುವುದಕ್ಕೂ ಮುಂಚೆ ಆಗಬೇಕಾದ ಕೆಲಸ ಒಂದಿರುತ್ತದೆ. ನಮ್ಮಲ್ಲಿ ಕೂರಿಸಿ ಸಮಾಧಿ ಮಾಡುವುದು. ಎರಡು ಮೂರು ಗಂಟೆ ಕಳೆದರೆ ದೇಹ ಬಿಗಿಯುತ್ತ ಬರುತ್ತದೆ, ಆಮೇಲೆ ಮಂಡಿ ಮಡಿಸುವುದು ಕಷ್ಟ. ಅಕ್ಕ ಕಣ್ಣು ಮುಚ್ಚಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಹೆಂಗಸರನ್ನು ಕರೆದು ಕಾಲು ಮಡಿಸಿಸಿ, ಗೋಡೆಗೆ ಒರಗಿಸಿ ಎದೆಯ ಸುತ್ತ ಸೀರೆ ಬಳಸಿ ಗೂಟಕ್ಕೆ ಕಟ್ಟಿಸಿದರು. ಬೆಳಿಗ್ಗೆ ಅಯ್ಯನವರು ಬರುವ ಹೊತ್ತಿಗೆ ಅಜ್ಜಿ ಪೂಜೆಗೆ ಕೂತಂತೆಯೇ ಕೂತಿದ್ದರು.

ಗಡಿಗೆ ಈ ಸಲ ಮುಕ್ಕಾಲಿಗೆ ಬಂದಿದೆ. ಅಜ್ಜಿಗೆ ಏಳಲಾಗದ ದಿನಗಳಲ್ಲೂ ಅದು ಏರುತ್ತಲೇ ಇತ್ತು. ಹಾಕಿದವರು ಯಾರೆಂದು ಗೊತ್ತಾದದ್ದು ಆರಾಧನೆಯ ದಿನ, ಅಕ್ಕನ ಮಗಳು ಬಾಯಿಬಿಟ್ಟಾಗ. ಶಿವರಾತ್ರಿಗೆ ಅದು ಮಠಕ್ಕೆ ಹೋಗುತ್ತದೆ. ಅಕ್ಕಾ, ಬಸ್ಸಿನಲ್ಲಿ ನಿಮಗೂ ಸೀಟು ಹಿಡಿಯುತ್ತೇವೆ. ಅಜ್ಜಿಯ ಹಿತ್ತಾಳೆ ದೀಪವನ್ನು ಹುಣಸೆಹಣ್ಣಲ್ಲಿ ಉಜ್ಜಿ, ಒರೆಸಿ, ಬತ್ತಿಯ ಡಬ್ಬಿಯ ಜೊತೆ ತೆಗೆದಿಟ್ಟಿದ್ದೇವೆ. ಅದು ನಿಮ್ಮದು, ಬಂದು ತೆಗೆದುಕೊಂಡು ಹೋಗಿ.