ಸೆಟೆದ ಕೈಯನ್ನು ಸಡಿಲಿಸಿದವರಿಗೆ

ಥೈರಾಯ್ಡ್ ಗ್ರಂಥಿಯನ್ನು ತೆಗೆಸಿಕೊಂಡು ಈ ಕಾರ್ತಿಕಕ್ಕೆ ಎರಡು ವರ್ಷ ತುಂಬಿತು. ಕಳೆದ ಹನ್ನೆರಡು ತಿಂಗಳಲ್ಲಿ ಒಮ್ಮೆಯೂ ಆಸ್ಪತ್ರೆಯಲ್ಲಿ ಮಲಗಬೇಕಾಗಿ ಬರಲಿಲ್ಲವೆಂಬ ಸಮಾಧಾನದಲ್ಲಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಥೈರಾಯ್ಡಿನ ಹಿಂಬದಿಗೆ ಅಂಟಿಕೊಂಡು ಅಕ್ಕಿಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯುವುದು ಅವುಗಳ ಹಾರ್ಮೋನು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಅವುಗಳಿಗೂ ಪೆಟ್ಟಾಗಬಹುದೆಂದು ಮನೆಗೆ ಕಳಿಸುವಾಗ ಯಾರೂ ಬಿಡಿಸಿ ಹೇಳಲೂ ಇಲ್ಲ. ತುಟಿಯ ಸುತ್ತ ಜುಮುಗುಟ್ಟಿದಾಗ ನಿಶ್ಶಕ್ತಿಯೆಂದುಕೊಂಡೆ. ಒಂದು ಸಂಜೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದಾಗ ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿ, ಹೆಬ್ಬೆರಳು ಅಂಗೈಯೊಳಗೆ ಮಡಚಿ, ಹಿಡಿದ ಅಡಿಕೆಯನ್ನು ಕೆಳಗಿಡಲೂ ಆಗದಂತೆ ಸೆಟೆದುಕೊಂಡವು.

ಆ ಹೊತ್ತಿನಲ್ಲಿ ಜೀಪು ತೆಗೆದ ಪಕ್ಕದ ಮನೆಯ ಭಾವನಿಗೆ ಮೊದಲ ನಮಸ್ಕಾರ. ಶಿರಸಿಯ ವೈದ್ಯರು ರಕ್ತದ ವರದಿಗೆ ಕಾಯದೆ, ಬಿಪಿ ನೋಡುವ ಪಟ್ಟಿಯನ್ನು ಎಡತೋಳಿಗೆ ಸುತ್ತಿ ಗಾಳಿ ತುಂಬಿ, ಮೂರು ನಿಮಿಷವೂ ಆಗುವ ಮೊದಲೇ ಆ ಕೈಯೂ ಹಾಗೆಯೇ ಮಡಚಿಕೊಳ್ಳುವುದನ್ನು, ಕ್ಯಾಲ್ಸಿಯಂ ಇಳಿದಿರುವುದರ ಗುರುತು ಅದೆಂದು, ನನಗೇ ತೋರಿಸಿದರು. 8.5ರ ಮೇಲಿರಬೇಕಾದ ಕ್ಯಾಲ್ಸಿಯಂ 6.2ಕ್ಕೆ ಇಳಿದಿತ್ತು. ರಕ್ತನಾಳಕ್ಕೆ ಕ್ಯಾಲ್ಸಿಯಂ ನಿಧಾನವಾಗಿ ಇಳಿಯುವಷ್ಟು ಹೊತ್ತೂ ಇಸಿಜಿ ಪರದೆಯಿಂದ ಕಣ್ಣು ತೆಗೆಯದ ಆ ದಾದಿಯ ಹೆಸರು ಕೇಳಲು ಮರೆತೆ.

ಹಾಲು ಕುಡಿ, ರಾಗಿ ತಿನ್ನು ಎಂದು ಕಾಳಜಿ ತೋರಿದ ನೆಂಟರೆಲ್ಲರಿಗೂ ಋಣಿ. ಆದರೆ ಕೊರತೆಯಿದ್ದದ್ದು ಊಟದಲ್ಲಲ್ಲ. ಆ ಹಾರ್ಮೋನು ಇಲ್ಲದಿದ್ದರೆ ಕರುಳು ಕ್ಯಾಲ್ಸಿಯಮ್ಮನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಮೂತ್ರಪಿಂಡ ಅದನ್ನು ಹಿಡಿದಿಡುವುದಿಲ್ಲ, ಬದಲಿಗೆ ರಂಜಕವನ್ನು (ಫಾಸ್ಫರಸ್) ಉಳಿಸಿಕೊಳ್ಳುತ್ತದೆ. ಹಾಲಿನಲ್ಲಿ ರಂಜಕವೂ ಧಾರಾಳವಾದ್ದರಿಂದ ಅದು ಮೈಯಲ್ಲಿ ಇನ್ನಷ್ಟು ಸೇರುತ್ತದೆ. ಹಾಗಾಗಿ ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ಕರುಳು ಅದನ್ನು ಹೀರಿಕೊಳ್ಳಲು ನೆರವಾಗುವ ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ದಿನವೂ ಬೇಕು. ಬೆಳಿಗ್ಗೆ 5ಕ್ಕೆ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ 9ರ ನಂತರ ಆಸರಿ-ತಿಂಡಿಯೊಂದಿಗೆ ಎಂದು ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದು ಅಡುಗೆಮನೆಯಲ್ಲಿ ಅಂಟಿಸಿದ ಸೊಸೆಗೆ ಏನೆಂದು ಹೇಳಲಿ!

ಕ್ಯಾಲ್ಸಿಯಂ ಮಾತ್ರೆ ಹೆಚ್ಚಾದರೆ ಮೂತ್ರಪಿಂಡದಲ್ಲಿ ಕಲ್ಲಾಗುವ ಭಯವಿರುವುದರಿಂದ ಆಗಾಗ 24 ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ಸಂಗ್ರಹಿಸಿ ಶಿರಸಿಯ ಲ್ಯಾಬಿಗೆ ಒಯ್ಯಬೇಕು. ಅದರಲ್ಲೇನಿದೆಯೆಂದು ಒಮ್ಮೆಯೂ ಕೇಳದೆ, ಬೆಳಗಿನ ಬಸ್ಸಿನಲ್ಲಿ ಮುಂದಿನ ಸೀಟಿನ ಕೆಳಗೆ ಅದಕ್ಕೊಂದು ಭದ್ರ ಜಾಗ ಮಾಡಿಕೊಡುವ ಕಂಡಕ್ಟರ್ ತಮ್ಮನಿಗೂ ನನ್ನ ವಂದನೆಗಳು.